ಪುಣೆಯಲ್ಲಿ ಬಾಯಿ ಮುಚ್ಚಿ ಕಲಿತದ್ದು

ವಾಕಡ

ನಿಪ್ಪಾಣಿ ದಾಟಿದರೆ ನನಗೆ ಪರದೇಶ. ಪಾಸ್‌ಪೋರ್ಟು ಬೇಕಿಲ್ಲ, ವಿಮಾನ ಹತ್ತಬೇಕಿಲ್ಲ. ಬಸ್ಸಿನ ಕಿಟಕಿಯಾಚೆ ಅಂಗಡಿಗಳ ಬೋರ್ಡಿನ ಅಕ್ಷರ ಬದಲಾದರೆ ಸಾಕು, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕೂರುತ್ತೇನೆ. ಗದಗ ಜಿಲ್ಲೆಯ ಸಣ್ಣ ಊರಿನ ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡುವ ನಾನು ಅಲ್ಲಿಯವರೆಗೆ ಒಬ್ಬಳೇ ಹುಬ್ಬಳ್ಳಿಯಿಂದಾಚೆ ಹೋದವಳಲ್ಲ. ಈಗ ಮೂರು ವಾರದ ತರಬೇತಿಗೆಂದು ಪುಣೆಗೆ ಹೊರಟಿದ್ದೆ.

ಹೊರಡಲು ಕಾರಣವಿತ್ತು. ನಮ್ಮ ಶಾಲೆ ಏಳನೆಯ ತರಗತಿಗೆ ನಿಂತುಬಿಡುತ್ತದೆ. ಏಳು ಮುಗಿಸಿದ ಮಕ್ಕಳು ಮನೆಗೆ ಹೋಗಿ ಹೊಲದಲ್ಲೋ ಖಾನಾವಳಿಯಲ್ಲೋ ಕೆಲಸಕ್ಕೆ ಸೇರುತ್ತಾರೆ. ಎಂಟನೆಯ ತರಗತಿ ತೆರೆಯಬೇಕಾದರೆ ಸಂಜ್ಞಾ ಭಾಷೆಯಲ್ಲಿ ಸರಿಯಾಗಿ ಪಾಠ ಮಾಡಬಲ್ಲ ಒಬ್ಬರಾದರೂ ಬೇಕು, ಅವರು ಪರೀಕ್ಷೆ ಪಾಸಾಗಿ ಬರಬೇಕು ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ಶಿಕ್ಷಕರಾದ ನಮಗೂ ಸನ್ನೆ ಬರುತ್ತಿತ್ತು. ಆದರೆ ಅದು ಮಕ್ಕಳಿಂದಲೇ ಹೆಕ್ಕಿಕೊಂಡ ಅರೆಬರೆ ಸನ್ನೆ. ಊಟ ಮಾಡು, ಕೂಡು, ಗದ್ದಲ ಮಾಡಬೇಡ ಎನ್ನಲು ಸಾಕಾಗುತ್ತಿತ್ತು. ಬೀಜ ಯಾಕೆ ಮೊಳೆಯುತ್ತದೆ ಎಂದು ಹೇಳಲು ಸಾಲುತ್ತಿರಲಿಲ್ಲ. ಆ ವರ್ಷ ಏಳನೆಯಲ್ಲಿದ್ದ ಮಕ್ಕಳು ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟಿದ್ದರು. ನಾನು ಯಾಕೆ ಹೋಗುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು.

ಪುಣೆಯಲ್ಲಿ ಇಳಿದ ಕೂಡಲೆ ಮರಾಠಿ ನನ್ನನ್ನು ಹಿಡಿದು ಕೆಡವಿತು. ಸಿಟಿ ಬಸ್ಸಿನ ಕಂಡಕ್ಟರಿಗೆ ನಾನು ಉಳಿಯಬೇಕಿದ್ದ ಬಡಾವಣೆಯ ಹೆಸರು ಹೇಳಿ, ವಾಕಡ ಎಂದೆ. ಆತ ‘ಬಸಾ, ಬಸಾ’ ಎಂದ. ಬಸ್ಸು ಇದೇ ಹೌದು ಎಂದು ಹೇಳುತ್ತಿದ್ದಾನೆ ಅಂದುಕೊಂಡು ನಾನು ತಲೆಯಾಡಿಸಿ ನಿಂತೇ ಇದ್ದೆ. ಅವನು ಮತ್ತೆ ‘ಬಸಾ’ ಎಂದ, ನಾನು ಮತ್ತೆ ತಲೆಯಾಡಿಸಿದೆ. ಕೊನೆಗೆ ಪಕ್ಕದ ಮುದುಕಿ ನನ್ನ ಸೆರಗು ಹಿಡಿದು ಎಳೆದು ಸೀಟಿನ ಮೇಲೆ ಕೂರಿಸಿದರು. ಬಸಾ ಎಂದರೆ ಕೂಡ್ರಿ ಎಂದು ಅರ್ಥವಂತೆ.

ವಾಕಡದಲ್ಲಿ ನಮ್ಮ ಹೆಡ್‌ಮಾಸ್ತರರ ಸಂಬಂಧಿಕರಾದ ಗಂಗಕ್ಕನ ಮನೆ. ಅವರು ವಿಜಯಪುರದ ಕಡೆಯವರು. ಯಜಮಾನರದು ಹಳೆಯ ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆ ಮಾತ್ರ ಇಲ್ಲಿ, ಕತ್ತೆತ್ತಿ ನೋಡಬೇಕಾದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಬಸ್ಸಿನ ಕತೆ ಕೇಳಿ ಗಂಗಕ್ಕ ನಕ್ಕು, ರೊಟ್ಟಿಯ ಮೇಲೆ ಎಣ್ಣೆಗಾಯಿ ಬಡಿಸುತ್ತ ಸಮಾಧಾನ ಹೇಳಿದರು: “ಅಂಜಬ್ಯಾಡ್ರಿ ಅಕ್ಕೋರ. ಇಲ್ಲಿ ಮಂದಿ ಒರಟ ಮಾತಾಡ್ತಾರ, ಆದ್ರ ಮನಸ್ಸಿನ್ಯಾಗ ಏನೂ ಇಟಗೊಳ್ಳೂದಿಲ್ಲ. ನಾ ಬಂದಾಗ ಒಂದು ತಿಂಗಳು ಬರೇ ಹೋ, ನಕೋ ಅಷ್ಟ ಅಂದು ಸಂಸಾರ ಮಾಡೀನಿ.”

ನಕೋ ಎಂದರೆ ಬೇಡ ಎಂಬುದು ನನಗೆ ಗೊತ್ತಿತ್ತು. ಹೋ ಎಂದರೇನು ಎಂದು ಆಗಲೇ ಕೇಳಿಕೊಂಡಿದ್ದರೆ ಮರುದಿನದ ಫಜೀತಿ ತಪ್ಪುತ್ತಿತ್ತು.

ಹಳೆಯ ಪೇಟೆ

ತರಬೇತಿ ಕೇಂದ್ರವಿದ್ದದ್ದು ಹಳೆಯ ಪೇಟೆಯ ಒಂದು ಓಣಿಯಲ್ಲಿ. ಪುಣೆಯ ಈ ಭಾಗದಲ್ಲಿ ಮನೆಗಳಿಗಿಂತ ಬಾಗಿಲಿಗೆ ತೂಗುಹಾಕಿದ ಸೂಚನೆಗಳೇ ಹೆಚ್ಚು ಮಾತಾಡುತ್ತವೆ. ದೇವನಾಗರಿ ಓದಬಲ್ಲೆನಾದ್ದರಿಂದ ಅಕ್ಷರ ಕೂಡಿಸಿಕೊಂಡು ಓದುತ್ತ ಹೋದೆ. ಮಧ್ಯಾಹ್ನ ಮಲಗಿರುತ್ತೇವೆ, ಗಂಟೆ ಒತ್ತಿದರೆ ಬರುವ ಬೈಗುಳಕ್ಕೆ ನೀವೇ ಹೊಣೆ ಎಂದು ಒಂದು ಬಾಗಿಲು ಹೇಳುತ್ತಿತ್ತು. ವಿಳಾಸ ಕೇಳಲು ಇದು ಪೋಸ್ಟ್ ಆಫೀಸಲ್ಲ ಎಂದಿತ್ತು ಇನ್ನೊಂದು. ನಮ್ಮೂರಿನಲ್ಲಿ ಬಾಗಿಲ ಮೇಲೆ ಸುಸ್ವಾಗತ ಎಂದು ಬರೆಸಿ ಒಳಗಿನಿಂದ ಚಿಲಕ ಹಾಕಿಕೊಳ್ಳುವವರನ್ನು ಕಂಡಿದ್ದೇನೆ. ಇವರು ಇದ್ದದ್ದನ್ನು ಇದ್ದ ಹಾಗೆ ಹೊರಗೇ ಬರೆದಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಗೇಟಿನ ಕಾವಲುಗಾರನಿಗೆ ಟ್ರೇನಿಂಗ್ ಸೆಂಟರ್ ಇದೇನಾ ಎಂದು ಹರುಕು ಹಿಂದಿಯಲ್ಲಿ ಕೇಳಿದೆ. ಅವನು ಮುಖ ಎತ್ತದೆ ‘ಹೋ, ಹೋ’ ಎಂದ. ನನ್ನ ಕಿವಿಗೆ ಅದು ಹೋಗು, ಹೋಗು ಎಂದೇ ಕೇಳಿಸಿತು. ಮರ್ಯಾದೆಯಿಂದ ಹಿಂದೆ ತಿರುಗಿ ಓಣಿಯ ತುದಿಯವರೆಗೆ ನಡೆದೆ. ಅಲ್ಲಿ ಚಹಾ ಅಂಗಡಿಯವನನ್ನು ಕೇಳಿದರೆ ಅದೇ ಗೇಟಿನತ್ತ ಕೈ ತೋರಿಸಿದ. ಮತ್ತೆ ಬಂದೆ, ಮತ್ತೆ ಹೋ ಎನ್ನಿಸಿಕೊಂಡೆ. ಮೂರನೆಯ ಸಲ ಕಾವಲುಗಾರನೇ ಎದ್ದು, ಈ ಹೆಂಗಸಿಗೆ ಏನೋ ಆಗಿದೆ ಎಂಬ ಮುಖ ಮಾಡಿ, ಗೇಟು ತೆರೆದು ಒಳಗೆ ಬಿಟ್ಟ. ಹೋ ಎಂದರೆ ಹೌದು ಎಂದು ಗೊತ್ತಾದದ್ದು ಆಮೇಲೆ.

ಒಳಬಾಗಿಲಿಗೆ ಕರೆಗಂಟೆಯಿತ್ತು. ಒತ್ತಿದೆ, ಸದ್ದಿಲ್ಲ. ಕೆಟ್ಟಿರಬೇಕೆಂದುಕೊಂಡು ಮತ್ತೆ ಮತ್ತೆ ಜೋರಾಗಿ ಒತ್ತಿದೆ. ಬಾಗಿಲು ದಡಕ್ಕನೆ ತೆರೆದು ಏಳೆಂಟು ಜನ ಒಟ್ಟಿಗೆ ಹೊರಗೆ ಬಂದರು. ಎಲ್ಲರ ಮುಖದಲ್ಲೂ ಗಾಬರಿ. ಒಳಗೆ ಇಣುಕಿದಾಗ ತಿಳಿಯಿತು, ಅದು ಕಿವುಡರ ಕೇಂದ್ರದ ಕರೆಗಂಟೆ. ಅದನ್ನು ಒತ್ತಿದರೆ ಸದ್ದಾಗುವುದಿಲ್ಲ, ಪ್ರತಿ ಕೋಣೆಯಲ್ಲೂ ದೀಪ ಮಿನುಗುತ್ತದೆ. ನಾನು ಒತ್ತಿದ ರಭಸಕ್ಕೆ ಬೆಂಕಿ ಬಿದ್ದಿದೆ ಎಂದೇ ತಿಳಿದು ಅವರೆಲ್ಲ ಎದ್ದು ಓಡಿಬಂದಿದ್ದರು.

ಮುಂದೆ ನಿಂತಿದ್ದವರು ನಮ್ಮ ಗುರುಗಳಾದ ಮಿಲಿಂದ ಸರ್. ನೆತ್ತಿ ಬೋಳಾದ, ನಗುಮುಖದ ಮನುಷ್ಯ, ಹುಟ್ಟಿನಿಂದಲೇ ಕಿವುಡರು. ಶ್ರವಣದೋಷ ಎಂಬ ದೊಡ್ಡ ಶಬ್ದ ಅವರಿಗೆ ಹಿಡಿಸುತ್ತಿರಲಿಲ್ಲ. ದೋಷ ಎಲ್ಲಿದೆ ತೋರಿಸಿ ಎಂದು ಕೇಳುತ್ತಿದ್ದರು. ಕಿವುಡರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ, ಅದನ್ನು ಕಿವುಡರೇ ಇಡಬೇಕು. ನನ್ನ ಹೆಸರಿಗಾಗಿ ಅವರು ಹೆಚ್ಚು ಯೋಚಿಸಲಿಲ್ಲ. ಐದೂ ಬೆರಳನ್ನು ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ತೋರಿಸಿದರು. ಮಿನುಗುವ ದೀಪ. ಆ ಕ್ಷಣದಿಂದ ಪುಣೆಯಲ್ಲಿ ನನ್ನ ಹೆಸರು ಅದೇ ಆಯಿತು.

ಕೇಂದ್ರದ ನಿಯಮ ಒಂದೇ. ಒಳಬಾಗಿಲು ದಾಟಿದ ಮೇಲೆ ಯಾರೂ ಬಾಯಿ ಬಿಡಬಾರದು. ಮಹಾರಾಷ್ಟ್ರದ ಬೇರೆ ಬೇರೆ ಊರುಗಳಿಂದ ಬಂದ ಶಿಕ್ಷಕರಿಗೆ ಇದು ಶಿಕ್ಷೆಯಾಯಿತು. ನನಗೆ ಮಾತ್ರ ಎದೆಯ ಮೇಲಿನ ಭಾರ ಇಳಿದಂತಾಯಿತು. ಬೀದಿಯಲ್ಲಿ ನಾನು ಮರಾಠಿ ಬಾರದವಳು, ಕಂಡಕ್ಟರಿನಿಂದ ಬಸಾ ಎನ್ನಿಸಿಕೊಂಡು ನಿಂತವಳು. ಇಲ್ಲಿ ಯಾರ ಮರಾಠಿಗೂ ಬೆಲೆಯಿಲ್ಲ. ಇನ್ನೂ ಒಂದು ಸಂತೋಷ ಕಾದಿತ್ತು. ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಶಬ್ದ ಕೊನೆಗೆ ಬರುತ್ತದೆ. ನಿನ್ನ ಊರು ಯಾವುದು, ನಿನ್ನ ಹೆಸರು ಏನು. ಕ್ರಿಯಾಪದವೂ ಹಾಗೆಯೇ ಹಿಂದೆ ನಿಲ್ಲುತ್ತದೆ. ಇದು ನಮ್ಮ ಭಾಷೆಯ ನಡಿಗೆಯೇ ಅಲ್ಲವೇ ಎಂದು ಪರದೇಶದಲ್ಲಿ ತವರಿನವರು ಸಿಕ್ಕಷ್ಟು ಹಿಗ್ಗಿದೆ.

ಹಿಗ್ಗು ಸಂಜೆಯವರೆಗೆ ಉಳಿಯಲಿಲ್ಲ. ನಾನೊಂದು ವಾಕ್ಯ ಮಾಡಿ ತೋರಿಸಿದ ಮೇಲೆ ಮಿಲಿಂದ ಸರ್ ನನ್ನ ಮುಖ ನೋಡಿ ಕಿರುಬೆರಳು ಎತ್ತಿದರು. ನಮ್ಮ ಕಡೆ ಶಾಲೆಯಲ್ಲಿ ಕಿರುಬೆರಳು ಎತ್ತಿದರೆ ಒಂದೇ ಅರ್ಥ. ನಾನು ಅಭ್ಯಾಸಬಲದಿಂದ, ಹೋಗಿ ಬೇಗ ಬನ್ನಿ ಎಂದು ಬಾಗಿಲಿನತ್ತ ಕೈ ತೋರಿಸಿದೆ. ತರಗತಿ ಸದ್ದಿಲ್ಲದೆ ಬಿದ್ದು ಬಿದ್ದು ನಕ್ಕಿತು. ಕಿರುಬೆರಳೆಂದರೆ ಅಲ್ಲಿ ‘ಚೆನ್ನಾಗಿಲ್ಲ’.

ಸಿಗ್ನಲ್

ಚೆನ್ನಾಗಿಲ್ಲದ್ದು ನನ್ನ ಮುಖ. ಸನ್ನೆ ಭಾಷೆಯಲ್ಲಿ ಕೈ ಅರ್ಧ ಹೇಳಿದರೆ ಮುಖ ಇನ್ನರ್ಧ ಹೇಳಬೇಕು. ಹುಬ್ಬು ಏರಿದರೆ ಪ್ರಶ್ನೆ, ಕೆನ್ನೆ ಉಬ್ಬಿದರೆ ದೊಡ್ಡದು, ತುಟಿ ಮಡಿಚಿದರೆ ಸಣ್ಣದು. ನನ್ನ ಕೈ ಚುರುಕಾಗಿ ಓಡುತ್ತಿತ್ತು, ಮುಖ ಮಾತ್ರ ಅಲುಗುತ್ತಿರಲಿಲ್ಲ. ದೊಡ್ಡವರ ಮುಂದೆ ಮುಖ ಗಂಟಿಕ್ಕಬಾರದು, ಹಲ್ಲು ಕಿರಿಯಬಾರದು ಎಂದು ಬೆಳೆಸಿದ ಮನೆಯ ಹುಡುಗಿ ನಾನು. ಅದರ ಮೇಲೆ ಇಷ್ಟು ವರ್ಷ ಟೀಚರಾಗಿ ಮಕ್ಕಳ ಮುಂದೆ ನಿಂತ ಅಕ್ಕೋರಿಕೆ. ನಿಮ್ಮ ಕೈ ಓಡುತ್ತಿದೆ, ಮುಖ ಮಲಗಿದೆ ಎಂದು ಮಿಲಿಂದ ಸರ್ ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು ತೋರಿಸಿದರು. ಮುಖ ಎಬ್ಬಿಸದೆ ಪರೀಕ್ಷೆ ಪಾಸಾಗುವುದಿಲ್ಲ ಎಂದೂ ಹೇಳಿದರು.

ಸಂಜೆ ನನ್ನನ್ನು ವಾಕಡಕ್ಕೆ ಬಿಡುತ್ತಿದ್ದವಳು ರೋಹಿಣಿ. ಚಿಂಚವಾಡದ ಶಾಲೆಯೊಂದರ ಶಿಕ್ಷಕಿ, ತರಬೇತಿಯಲ್ಲಿ ನನ್ನ ಪಕ್ಕದವಳು, ವಾಚಾಳಿ. ಹಗಲೆಲ್ಲ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ ಅವಳು ಸ್ಕೂಟರ್ ಹತ್ತಿದ ಕೂಡಲೆ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಿದ್ದಳು. ಮರಾಠಿಯಲ್ಲಿ ಅರ್ಧ, ಹಿಂದಿಯಲ್ಲಿ ಅರ್ಧ. ನನಗೆ ತಿಳಿಯುತ್ತಿದ್ದದ್ದು ಅರ್ಧದಲ್ಲಿ ಅರ್ಧ. ಪುಣೆಯ ಹುಡುಗಿಯರು ಸ್ಕೂಟರ್ ಮೇಲೆ ಓಢಣಿಯನ್ನು ತಲೆ ಮುಖಕ್ಕೆಲ್ಲ ಸುತ್ತಿಕೊಂಡು ಬರೀ ಕಣ್ಣು ಬಿಟ್ಟುಕೊಳ್ಳುತ್ತಾರೆ. ಮೊದಲ ದಿನ ದಾರಿಯುದ್ದಕ್ಕೂ ಇಂಥ ಮುಸುಕುಗಳನ್ನು ಕಂಡು ಊರಿನಲ್ಲಿ ಏನಾಗಿದೆಯಪ್ಪ ಎಂದು ಹೆದರಿದ್ದೆ. ದೂಳು ಮತ್ತು ಬಿಸಿಲಿಗಂತೆ.

ಒಂದು ಸಂಜೆ ದೊಡ್ಡ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದಿದ್ದೆವು. ಸುತ್ತ ಹಾರ್ನಿನ ಅಬ್ಬರ. ಪಕ್ಕದ ಆಟೊದವನು ಏನೋ ಕೂಗಿ ಹೇಳುತ್ತಿದ್ದ, ಅವನ ಪ್ರಯಾಣಿಕನಿಗೂ ಕೇಳುತ್ತಿರಲಿಲ್ಲ. ಆಗ ನಾಲ್ಕು ಸಾಲು ಗಾಡಿಗಳ ಆಚೆ ಮಿಲಿಂದ ಸರ್ ಸ್ಕೂಟರ್ ಮೇಲೆ ಕಂಡರು. ಕೈ ಎತ್ತಿ ನಾಳೆ ಬೇಗ ಬನ್ನಿ, ಬಾರಾಮತಿಯ ಕಿವುಡ ಮಕ್ಕಳ ಶಾಲೆಯಿಂದ ಸುದ್ದಿ ಬಂದಿದೆ, ಪರೀಕ್ಷೆ ಅಲ್ಲಿಯೇ ಎಂದು ಹೇಳಿದರು. ರೋಹಿಣಿ ಉತ್ತರ ಕೊಟ್ಟಳು. ಅವರು ತಲೆಯಾಡಿಸಿ, ಮುಸುಕು ತೆಗೆ, ಅರ್ಧ ಮಾತು ಒಳಗೇ ಉಳಿಯುತ್ತಿದೆ ಎಂದರು. ಅವಳು ಓಢಣಿ ಕಿತ್ತು ಮತ್ತೆ ಹೇಳಿದಳು. ಅಷ್ಟು ದೊಡ್ಡ ಗದ್ದಲದಲ್ಲಿ ಪರಸ್ಪರ ಮಾತಾಡಲು ಸಾಧ್ಯವಾಗಿದ್ದವರು ಅವರಿಬ್ಬರೇ. ನಾನೂ ಸೇರಿಕೊಂಡು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಮುಖ ಮಾತ್ರ ಆಗಲೂ ಮಲಗಿಯೇ ಇತ್ತೆಂದು ರೋಹಿಣಿ ಆಮೇಲೆ ಹೇಳಿದಳು.

ಲಿಫ್ಟಿನ ಕನ್ನಡಿ

ಗಂಗಕ್ಕನ ಕಟ್ಟಡದ ಲಿಫ್ಟಿನ ಮೂರೂ ಗೋಡೆಗೆ ಕನ್ನಡಿಯಿತ್ತು. ಮನೆಯಲ್ಲಿ ಯಜಮಾನರ ಮುಂದೆ ಮುಖ ಕುಣಿಸಲು ನಾಚಿಕೆ. ಹಾಗಾಗಿ ನನ್ನ ಅಭ್ಯಾಸವೆಲ್ಲ ಲಿಫ್ಟಿನಲ್ಲಿ ನಡೆಯಿತು. ಕೆಳಗಿನಿಂದ ಮೇಲೆ ಹೋಗುವಾಗ ಸಿಟ್ಟು, ಮೇಲಿನಿಂದ ಕೆಳಗೆ ಬರುವಾಗ ಆಶ್ಚರ್ಯ. ಸಿಟ್ಟು ಹಲ್ಲುನೋವಿನಂತೆ ಕಾಣುತ್ತಿತ್ತು, ಆಶ್ಚರ್ಯ ಮೀನಿನಂತೆ.

ಒಮ್ಮೆ ಮೀನಿನ ಮುಖದಲ್ಲಿದ್ದಾಗ ಬಾಗಿಲು ತೆರೆದು ಒಬ್ಬ ಹುಡುಗಿ ಒಳಗೆ ಬಂದಳು. ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಚೈತ್ರಾ, ಮೈಸೂರಿನವಳು. ಗಂಗಕ್ಕನ ಮನೆಯಲ್ಲಿ ಅವಳನ್ನು ಒಮ್ಮೆ ನೋಡಿದ್ದೆ.

“ಆಂಟಿ, ನೀವು ಓಕೆ ತಾನೆ? ಡಾಕ್ಟರ್‌ಗೆ ಕಾಲ್ ಮಾಡ್ಲಾ?”

ವಿಷಯ ಹೇಳಿದೆ. ಅವಳಿಗೆ ನಗು ಬಂತು, ಆಮೇಲೆ ಆಸಕ್ತಿ ಬಂತು. ಕೆಲಸಕ್ಕೆ ಹೋಗುವುದನ್ನು ಬಿಟ್ಟು ನನ್ನೊಡನೆ ಮತ್ತೆ ಮೇಲೆ ಬಂದಳು, ಮತ್ತೆ ಕೆಳಗೆ. ನೀವು ಮುಖ ಮಾಡುವ ಮೊದಲೇ ಸಾರಿ ಕೇಳುವ ಹಾಗೆ ಕಾಣುತ್ತೀರಿ ಎಂದು ಅವಳು ಹೇಳಿದ್ದು ಸರಿಯಾಗಿತ್ತು. ಮುಂದಿನ ದಿನಗಳಲ್ಲಿ ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವಳು ಒಂದು ಶಬ್ದ ಹೇಳುತ್ತಿದ್ದಳು, ನಾನು ಅದರ ಮುಖ ಮಾಡುತ್ತಿದ್ದೆ. ಮೂರನೆಯ ಮಹಡಿಯಲ್ಲಿ ಹತ್ತುತ್ತಿದ್ದ ನಿವೃತ್ತ ಮರಾಠಿ ಗೃಹಸ್ಥರೊಬ್ಬರು ನಮ್ಮಿಬ್ಬರನ್ನು ನೋಡಿ ಮೆಟ್ಟಿಲ ದಾರಿ ಹಿಡಿಯತೊಡಗಿದರು.

ಇಷ್ಟಾದರೂ ತರಗತಿಯಲ್ಲಿ ಮಿಲಿಂದ ಸರ್ ಎದುರು ನಿಂತರೆ ಮುಖ ಗಟ್ಟಿಯಾಗುತ್ತಿತ್ತು. ಕೊನೆಯ ವಾರ ಹೆಡ್‌ಮಾಸ್ತರರ ಫೋನು ಬಂತು. ಮಕ್ಕಳು ದಿನಾ ಆಫೀಸಿಗೆ ಬಂದು ನಿಮ್ಮ ಬಗ್ಗೆ ಕೇಳುತ್ತಾರೆ ಎಂದರು. ಏನೆಂದು ಕೇಳುತ್ತಾರೆ ಎಂದೆ. ಎಂಟು ಬೆರಳು ಎತ್ತಿ ನಿಲ್ಲುತ್ತಾರೆ ಎಂದರು. ಆ ರಾತ್ರಿ ಲಿಫ್ಟಿನಲ್ಲಿ ಇನ್ನೂ ನಾಲ್ಕು ಸಲ ಹತ್ತಿ ಇಳಿದೆ.

ಜೇಜುರಿ

ಪರೀಕ್ಷೆಗೆಂದು ನಾವೆಲ್ಲ ಗಂಟುಮೂಟೆ ಸಮೇತ ಬಾರಾಮತಿಗೆ ಹೊರಟೆವು. ಅಲ್ಲಿಂದಲೇ ಎಲ್ಲರೂ ಅವರವರ ಊರಿಗೆ ಹೋಗುವುದು. ದಾರಿಯಲ್ಲಿ ಜೇಜುರಿಯಲ್ಲಿ ಗಾಡಿ ನಿಂತಿತು. ಗುಡ್ಡದ ಮೇಲಿನ ಖಂಡೋಬಾ ನಮಗೆ ಮೈಲಾರಲಿಂಗ. ಮೆಟ್ಟಿಲು ಹತ್ತುವವರೆಲ್ಲ ಅರಿಶಿನದ ಭಂಡಾರ ಎರಚುತ್ತಾರೆ, ಕಲ್ಲು, ಕಂಬ, ನಾಯಿ, ಮನುಷ್ಯರು ಎಲ್ಲ ಹಳದಿ. ಅಷ್ಟರಲ್ಲಿ ಜನ ‘ಯೇಳಕೋಟ, ಯೇಳಕೋಟ’ ಎಂದು ಕೂಗಿದರು. ನಿಂತುಬಿಟ್ಟೆ. ಅದು ಮೈಲಾರನ ಭಕ್ತರು ಕೂಗುವ ನಮ್ಮ ಏಳುಕೋಟಿಯೇ. ಬಸಾ ಎಂದರೆ ತಿಳಿಯದೆ ಒದ್ದಾಡಿದ ನನಗೆ, ಇಷ್ಟು ದೂರದ ಗುಡ್ಡದ ಮೇಲೆ ಇಷ್ಟು ಮರಾಠಿ ಜನ ಕನ್ನಡದ ಶಬ್ದ ಕೂಗುವುದನ್ನು ಕೇಳಿ ಎದೆ ಉಬ್ಬಿತು.

ಮೆಟ್ಟಿಲ ನಡುವೆ ದಣಿದು ಕೂತಿದ್ದಾಗ ಮಿಲಿಂದ ಸರ್ ಮತ್ತು ನಾನು ಸನ್ನೆಯಲ್ಲಿ ಮಾತಾಡುತ್ತಿದ್ದೆವು. ಎದುರಿಗೆ ಐದು ವರ್ಷದ ಹೆಣ್ಣು ಮಗುವೊಂದು ಕಣ್ಣು ಮಿಟುಕಿಸದೆ ನಮ್ಮ ಕೈಗಳನ್ನೇ ನೋಡುತ್ತ ನಿಂತಿತ್ತು. ಕೆನ್ನೆಯ ಮೇಲೆ ಭಂಡಾರದ ದೊಡ್ಡ ಹಳದಿ ಗೆರೆ. ಅದರ ಬೆನ್ನ ಹಿಂದೆ ಯಾರೋ ಡೋಲು ಬಡಿದರು, ಮಗು ತಿರುಗಲಿಲ್ಲ. ನನಗೂ ಸರ್‌ಗೂ ಒಟ್ಟಿಗೆ ತಿಳಿಯಿತು.

ನಾನು ಯೋಚಿಸದೆ ಮಗುವಿನತ್ತ ತಿರುಗಿ ದಣಿವಾಯಿತಾ ಎಂದು ಕೇಳಿದೆ. ಭುಜ ಇಳಿಬಿಟ್ಟು, ಕೆನ್ನೆ ಜೋಲಿಸಿ, ನಾಲಿಗೆ ಹೊರಹಾಕಿದೆ. ಮಗು ಕಿಲಕಿಲ ನಕ್ಕು ಹಾಗೆಯೇ ಮಾಡಿ ತೋರಿಸಿತು. ನಾನು ಮೆಟ್ಟಿಲು ಎಷ್ಟು ದೊಡ್ಡದು ಎಂದೆ, ಅದು ಇನ್ನೂ ದೊಡ್ಡದು ಎಂಬಂತೆ ಕಣ್ಣರಳಿಸಿತು. ಹೀಗೆ ಎಷ್ಟು ಹೊತ್ತು ನಡೆಯಿತೋ. ತಿರುಗಿದಾಗ ಮಿಲಿಂದ ಸರ್ ಹೆಬ್ಬೆರಳು ಎತ್ತಿ ಹಿಡಿದಿದ್ದರು. ಮುಖ ಎದ್ದಿದೆ ಎಂದರು.

ಮಗುವಿನ ತಾಯಿ ಓಡಿಬಂದಳು. ಮಾತು ಕೇಳಿದ ಕೂಡಲೆ ನಮ್ಮ ಕಡೆಯವಳೆಂದು ಗೊತ್ತಾಯಿತು. ಸವಣೂರಿನ ಹತ್ತಿರದ ಹಳ್ಳಿ, ಹೆಸರು ರೇಣುಕಾ. ಗಂಡ ಫಕ್ಕೀರಪ್ಪ ಕ್ರೂಸರ್ ಗಾಡಿ ಓಡಿಸುತ್ತಾನೆ, ಅದರಲ್ಲೇ ನೆಂಟರನ್ನು ಹೇರಿಕೊಂಡು ಬಂದಿದ್ದರು. ಮಗು ಸಿಂಚನಾಗೆ ಮಾತು ಬರಲೆಂದು ಹರಕೆ. ಕಿವಿಗೆ ಹಾಕುವ ಮಶೀನು ಕೊಡಿಸಿದ್ದರಂತೆ, ಮಗು ಕಿತ್ತು ಎಸೆಯುತ್ತದಂತೆ.

ಮಿಲಿಂದ ಸರ್ ಕಿವುಡರು ಎಂದಾಗ ರೇಣುಕಾ ನಂಬಲಿಲ್ಲ. ಕಿವುಡರು ಮಾಸ್ತರರಾಗಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಒಂದಾದ ಮೇಲೊಂದು ಪ್ರಶ್ನೆ ಕೇಳಿದಳು, ನಾನು ನಡುವೆ ನಿಂತು ಇತ್ತ ಕನ್ನಡ, ಅತ್ತ ಸನ್ನೆ ಮಾಡಿದೆ. ಮದುವೆಯಾಗಿದೆಯೇ ಎಂದಳು. ಆಗಿದೆ, ಹೆಂಡತಿಯೂ ಕಿವುಡಿ ಎಂದರು.

“ಹಂಗಾರ ಇವರ ಮನ್ಯಾಗ ಜಗಳನ ಆಗೂದಿಲ್ಲೇನ್ರಿ ಅಕ್ಕೋರ?”

ಸರ್ ನಗುತ್ತ, ಆಗುತ್ತದೆ, ಸೋಲುವ ಹೊತ್ತು ಬಂದರೆ ಅವಳು ದೀಪ ಆರಿಸಿಬಿಡುತ್ತಾಳೆ ಎಂದರು. ನಾನು ಹೇಳಿದೆ. ರೇಣುಕಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಫಕ್ಕೀರಪ್ಪ ನಗಲಿಲ್ಲ. ಇಷ್ಟು ಹೊತ್ತು ಪಕ್ಕದಲ್ಲಿ ನಿಂತು ಕೇಳುತ್ತಿದ್ದವನು ಮಗುವನ್ನು ಎತ್ತಿಕೊಂಡ. “ಕೈ ಆಡ್ಸೂದು ಕಲತ್ರ ಮಾತು ಬರೂದಿಲ್ಲಂತ ಮಂದಿ ಅಂತಾರ್ರಿ. ಆಕಿ ಮಾತಾಡ್ಬೇಕ್ರಿ. ನಮಗ ಅದ ಬೇಕಾಗೇತಿ.”

ಸರ್ ಅವನ ಮುಖವನ್ನೇ ನೋಡುತ್ತಿದ್ದರು. ನಿಧಾನವಾಗಿ ಉತ್ತರ ಕೊಟ್ಟರು, ನಾನು ಒಂದೂ ಬಿಡದೆ ಹೇಳಿದೆ: “ಮಾತು ಬಂದ್ರ ಬರ್ಲಿ, ಬ್ಯಾಡನ್ನೂದಿಲ್ಲ. ಅಲ್ಲೀತನಕ ಕೂಸು ಯಾರ ಜೋಡಿ ಹರಟಿ ಹೊಡೀಬೇಕು ಅಂತ ಕೇಳಾಕತ್ತಾರ್ರಿ.”

ಫಕ್ಕೀರಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿ ಹೋದ. ರೇಣುಕಾ ಒಂದು ಗಳಿಗೆ ಹಿಂದೆ ಉಳಿದಳು. ನಾಳೆ ಪಂಢರಪುರಕ್ಕೆ ಹೋಗುವವರಿದ್ದೇವೆ, ಬಾರಾಮತಿ ದಾರಿಯಲ್ಲೇ ಸಿಗುತ್ತದಲ್ಲ ಎಂದು ಕೇಳಿದಳು. ಶಾಲೆಯ ಹೆಸರು ಹೇಳಿದೆ. ಹೆಗಲ ಮೇಲಿನ ಮಗು ಮರೆಯಾಗುವವರೆಗೂ ನಮ್ಮ ಕೈಗಳನ್ನೇ ನೋಡುತ್ತಿತ್ತು.

ಬಾರಾಮತಿ

ಬಾರಾಮತಿಗೆ ಹೋಗುವ ದಾರಿಯ ಎರಡೂ ಬದಿಗೆ ಕಬ್ಬು. ಟ್ರ್ಯಾಕ್ಟರುಗಳು ಕಬ್ಬಿನ ಹೊರೆ ಹೊತ್ತು ರಸ್ತೆ ತುಂಬ ತೂಗಾಡುತ್ತ ಹೋಗುತ್ತಿದ್ದವು. ಅದು ಕಬ್ಬು ನುರಿಸುವ ಕಾಲವಾದ್ದರಿಂದ ಗಾಳಿಯಲ್ಲೆಲ್ಲ ಸಿಹಿಯೂ ಕಮಟೂ ಕೂಡಿದ ವಾಸನೆ.

ಪರೀಕ್ಷೆ ಎಂದರೆ ಅಲ್ಲಿನ ಕಿವುಡ ಮಕ್ಕಳ ಶಾಲೆಯಲ್ಲಿ ಒಂದು ಪಾಠ ಮಾಡುವುದು. ಬಾಯಿ ಬಿಡುವಂತಿಲ್ಲ. ಮಿಲಿಂದ ಸರ್ ಮತ್ತು ಆ ಶಾಲೆಯ ಹಿರಿಯ ಕಿವುಡ ಶಿಕ್ಷಕಿಯೊಬ್ಬರು ಹಿಂದೆ ಕೂತು ನೋಡುತ್ತಾರೆ. ನನಗೆ ಕೊಟ್ಟ ಪಾಠ, ಕಬ್ಬು ಸಕ್ಕರೆಯಾಗುವುದು ಹೇಗೆ. ಈ ಊರಿನ ಮಕ್ಕಳಿಗೆ ಅದನ್ನು ಹೇಳುವುದೆಂದರೆ ನಮ್ಮೂರಿಗೆ ಬಂದು ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದಂತೆ.

ಬೆಳಿಗ್ಗೆ ತರಗತಿಗೆ ಹೋಗಿ ನಿಂತು, ಕಾರ್ಖಾನೆ ಎನ್ನಲು ಪುಣೆಯಲ್ಲಿ ಕಲಿತ ಸನ್ನೆ ಮಾಡಿದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಮತ್ತೆ ಮಾಡಿದೆ, ಯಾರಿಗೂ ತಿಳಿಯಲಿಲ್ಲ. ಹಿಂದೆ ಕೂತ ಶಿಕ್ಷಕಿ ಏನೋ ಬರೆದುಕೊಂಡರು. ನನ್ನ ಮುಖ ಮತ್ತೆ ಗಟ್ಟಿಯಾಗತೊಡಗಿದ್ದು ನನಗೇ ತಿಳಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಒಂದು ಕೈಯಿಂದ ಮೂಗು ಹಿಡಿದುಕೊಂಡು ಇನ್ನೊಂದು ಕೈಯಿಂದ ಹೊಗೆ ಏರಿಸಿ ತೋರಿಸಿದಳು. ಇದಾ ನೀವು ಹೇಳುವುದು ಎಂದು ಹುಬ್ಬು ಎತ್ತಿದಳು. ಇವರ ಊರಿನಲ್ಲಿ ಕಾರ್ಖಾನೆಯೆಂದರೆ ಮೂಗು ಮುಚ್ಚಿಕೊಳ್ಳುವ ಜಾಗ.

ನನಗೆ ನಗು ಬಂತು. ಆ ನಗುವಿನಲ್ಲಿ ಗಟ್ಟಿಯಾದದ್ದೆಲ್ಲ ಸಡಿಲಾಯಿತು. ನಾನೂ ಮೂಗು ಹಿಡಿದುಕೊಂಡು ಕಾರ್ಖಾನೆಯೊಳಗೆ ಹೋದೆ. ಆಮೇಲೆ ಕಬ್ಬಿನ ಬಗ್ಗೆ ಹೇಳುವುದನ್ನು ಬಿಟ್ಟು ನಾನೇ ಕಬ್ಬಾದೆ. ಗದ್ದೆಯಲ್ಲಿ ಎತ್ತರವಾಗಿ ಸೊಕ್ಕಿನಿಂದ ನಿಂತೆ. ಕುಡುಗೋಲು ಕಂಡು ಹೆದರಿದೆ. ಟ್ರ್ಯಾಕ್ಟರಿನ ಮೇಲೆ ಅಲುಗಾಡಿದೆ. ಗಾಣದ ಉರುಳೆಗಳ ನಡುವೆ ತಲೆ ಸಿಕ್ಕಿಕೊಂಡಾಗ ಮುಖ ಒಂದು ಕಡೆಯಿಂದ ಚಪ್ಪಟೆಯಾಯಿತು, ಆಮೇಲೆ ಇನ್ನೊಂದು ಕಡೆಯಿಂದ. ರಸವೆಲ್ಲ ಹರಿದು ಹೋದ ಮೇಲೆ ಸಿಪ್ಪೆಯಾಗಿ ಬಿದ್ದೆ. ರಸ ಕುದಿಯಿತು, ಗಟ್ಟಿಯಾಯಿತು, ಹರಳಾಯಿತು. ಕೊನೆಗೆ ಚಹಾದ ಬಟ್ಟಲಿನೊಳಗೆ ಧುಮುಕಿ ಕರಗಿದೆ.

ಮಕ್ಕಳು ಡೆಸ್ಕು ಬಡಿದು ನಗುತ್ತಿದ್ದರು. ಒಬ್ಬ ಸಿಪ್ಪೆ ಏನಾಯಿತು ಎಂದು ಕೇಳಿದ. ಅದನ್ನು ಸುಟ್ಟೇ ರಸ ಕುದಿಸುತ್ತಾರೆ ಎಂದೆ. ಅಯ್ಯೋ ಪಾಪ, ತನ್ನ ಬೆಂಕಿಯಲ್ಲಿ ತನ್ನದೇ ರಸ ಎಂದು ಅವನು ಮುಖ ಮಾಡಿದ. ಪ್ರಶ್ನೆಗಳು ಮುಗಿಯಲೇ ಇಲ್ಲ. ಪಾಠದ ವೇಳೆ ಮುಗಿದು ದೀಪ ಮಿನುಗಿದರೂ ಯಾರೂ ಏಳಲಿಲ್ಲ.

ಆಗ ನೋಡಿದೆ, ಹಿಂದಿನ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಪಕ್ಕದಲ್ಲಿ ಫಕ್ಕೀರಪ್ಪ, ಕೈಯಲ್ಲಿ ಗಾಡಿಯ ಕೀಲಿ. ಸಿಂಚನಾ ಅವರ ನಡುವೆ ಇರಲಿಲ್ಲ. ಅವಳು ಆಗಲೇ ಒಳಗೆ ಬಂದು, ಎರಡು ಡೆಸ್ಕುಗಳ ನಡುವೆ ಮುಖ ಚಪ್ಪಟೆ ಮಾಡಿಕೊಂಡು ಕಬ್ಬಾಗಿದ್ದಳು.

ಮೂಗು ಹಿಡಿದು ತೋರಿಸಿದ ಹುಡುಗಿ ಅವಳ ಮುಂದೆ ಕೂತು ಹೆಸರು ಕೇಳಿದಳು. ಸಿಂಚನಾಗೆ ತಿಳಿಯಲಿಲ್ಲ. ದೊಡ್ಡ ಮಕ್ಕಳು ಸುತ್ತ ಸೇರಿ ಚರ್ಚೆ ಮಾಡಿದರು. ಆಮೇಲೆ ಆ ಹುಡುಗಿ ಎರಡು ಬೆರಳಿನಿಂದ ತನ್ನ ಕೆನ್ನೆಯ ಮೇಲೆ ಗೆರೆ ಎಳೆದು ಸಿಂಚನಾಳತ್ತ ತೋರಿಸಿದಳು. ಮಗುವಿನ ಕೆನ್ನೆಯ ಮೇಲೆ ಜೇಜುರಿಯ ಭಂಡಾರ ಇನ್ನೂ ಉಳಿದಿತ್ತು. ಎಲ್ಲ ಮಕ್ಕಳೂ ಹಾಗೆಯೇ ಮಾಡಿದರು. ಸಿಂಚನಾ ಒಮ್ಮೆ ಎಲ್ಲರ ಬೆರಳನ್ನೂ ನೋಡಿ, ನಿಧಾನವಾಗಿ ತನ್ನ ಕೆನ್ನೆಯ ಮೇಲೆ ತಾನೂ ಗೆರೆ ಎಳೆದುಕೊಂಡಳು.

ಏನು ಮಾಡುತ್ತಿದ್ದಾರೆ ಎಂದು ರೇಣುಕಾ ಕೇಳಿದಳು. ಹೆಸರಿಟ್ಟರು ಎಂದೆ.

“ಹೆಸರ ಇಟ್ಟೀವಲ್ರಿ ಅಕ್ಕೋರ. ತೊಟ್ಟಿಲದಾಗ ಹಾಕಿ, ಊರಿಗೆಲ್ಲ ಊಟ ಹಾಕಿ ಇಟ್ಟೀವಿ.”

“ಆ ಹೆಸರ ಆಕಿಗೆ ಒಮ್ಮೆರ ಕೇಳೇತೇನವ್ವಾ?” ಎಂದೆ.

ರೇಣುಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದೆ ಬಂದವನು ಫಕ್ಕೀರಪ್ಪ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮಗಳ ಎದುರು ಮಂಡಿಯೂರಿದ. ದಪ್ಪ ಬೆರಳುಗಳಿಂದ ತನ್ನ ಗಡ್ಡದ ಕೆನ್ನೆಯ ಮೇಲೆ ಗೆರೆ ಎಳೆದ. ಸಿಂಚನಾ ಅಪ್ಪನನ್ನೇ ನೋಡುತ್ತ ತನ್ನ ಎದೆ ಮುಟ್ಟಿಕೊಂಡಳು. ನಾನು ಎಂದಳು.

ಇಡೀ ತರಗತಿ ಕೈ ಮೇಲೆತ್ತಿ ಬೆರಳು ಅಲುಗಿಸಿತು. ಕಿವುಡರ ಚಪ್ಪಾಳೆ ಅದು. ಮಿಲಿಂದ ಸರ್ ಎದ್ದು ನಿಂತು ಅಲುಗಿಸುತ್ತಿದ್ದರು. ಪಾಠ ನೋಡಲು ಹಿಂದೆ ಕೂತಿದ್ದ ರೋಹಿಣಿ ಅಳುತ್ತ ಅಲುಗಿಸುತ್ತಿದ್ದಳು.

ಮಧ್ಯಾಹ್ನ ಫಲಿತಾಂಶ ಹೇಳಿದರು. ನಾನು ಪಾಸಾಗಿದ್ದೆ. ಹಿರಿಯ ಶಿಕ್ಷಕಿ ಹತ್ತಿರ ಬಂದು, ಸಿಪ್ಪೆಯ ಮುಖ ತಮಗೂ ಕಲಿಸಬೇಕೆಂದು ಕೇಳಿದರು. ಹೊರಗೆ ಬಂದು ಹೆಡ್‌ಮಾಸ್ತರರಿಗೆ ಫೋನು ಮಾಡಿದೆ. ಅವರು ವೀಡಿಯೊ ಹಾಕಿ ಫೋನನ್ನು ಏಳನೆಯ ತರಗತಿಗೆ ಒಯ್ದರು. ನಾನು ಎಂಟು ಬೆರಳು ಎತ್ತಿ ತೋರಿಸಿದೆ. ಆ ಸಣ್ಣ ಪರದೆಯ ಮೇಲೆ ಮಕ್ಕಳು ಬೆಂಚು ಹತ್ತಿ ಕುಣಿದದ್ದು, ಫೋನು ಕೈಜಾರಿ ನೆಲಕ್ಕೆ ಬಿದ್ದದ್ದು, ಆಮೇಲೆ ಬಹಳ ಹೊತ್ತು ಬರೀ ಫ್ಯಾನು ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ವಿಜಯಪುರದ ಈಚೆ

ಊರಿಗೆ ಬಸ್ಸು ಹುಡುಕಬೇಕಿರಲಿಲ್ಲ. ಫಕ್ಕೀರಪ್ಪ ನನ್ನ ಚೀಲವನ್ನು ತಾನೇ ಕ್ರೂಸರ್ ಮೇಲೆ ಕಟ್ಟಿದ. ನೆಂಟರು ಒತ್ತಿಕೊಂಡು ಜಾಗ ಮಾಡಿಕೊಟ್ಟರು. ದಾರಿಯುದ್ದಕ್ಕೂ ಅವರಿಗೆಲ್ಲ ಪಾಠ ನಡೆಯಿತು. ನೀರು, ಊಟ, ನಿದ್ದೆ, ಅಪ್ಪ, ಅವ್ವ, ಬಾ. ಸ್ಟೀರಿಂಗ್ ಬಿಟ್ಟು ಕೈ ಎತ್ತಬೇಡ ಎಂದು ಹಿಂದಿನಿಂದ ನೆಂಟರು ಫಕ್ಕೀರಪ್ಪನಿಗೆ ಹೇಳಿ ಹೇಳಿ ಸೋತರು. ಪಂಢರಪುರದ ಸಾಲಿನಲ್ಲಿ ವಿಠ್ಠಲನ ದರ್ಶನಕ್ಕೆ ನಿಂತಾಗಲೂ ಅವನ ಬೆರಳುಗಳು ಸೊಂಟದ ಮಟ್ಟದಲ್ಲಿ ಅಭ್ಯಾಸ ಮಾಡುತ್ತಿದ್ದವು. ಜೂನ್ ತಿಂಗಳಿನಲ್ಲಿ ಮಗಳನ್ನು ನಮ್ಮ ಶಾಲೆಯ ಒಂದನೆಯ ತರಗತಿಗೆ ಸೇರಿಸುವುದೆಂದು ಗಂಡಹೆಂಡತಿ ನನ್ನನ್ನು ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದರು. ಅದೇ ಜೂನ್‌ನಲ್ಲಿ ಎಂಟನೆಯ ತರಗತಿಯೂ ಶುರುವಾಗುವುದಿತ್ತು.

ಮರುದಿನ ಅಂಗಡಿ ಬೋರ್ಡುಗಳ ಅಕ್ಷರ ದುಂಡಗಾದವು. ವಿಜಯಪುರ ದಾಟಿದ ಮೇಲೆ ರಸ್ತೆ ಬದಿಯ ಒಂದು ಖಾನಾವಳಿಯಲ್ಲಿ ಊಟಕ್ಕೆ ನಿಂತೆವು. ಒಳಗೆ ಜನವೋ ಜನ, ತಾಟುಗಳ ಸದ್ದು, ಪಲ್ಯ ತಾರೋ ಎನ್ನುವ ಕೂಗು. ಸಿಂಚನಾ ಹೊರಗೆ ಅಂಗಳದ ಕೊನೆಯಲ್ಲಿ ಒಂದು ಆಡಿನ ಮರಿ ಕಂಡು ಅದರ ಎದುರು ಕುಕ್ಕರುಗಾಲಲ್ಲಿ ಕೂತಿದ್ದಳು. ರೊಟ್ಟಿ ಬಂತು.

ರೇಣುಕಾ ಬಾಗಿಲಿಗೆ ಹೋದಳು. ಅಭ್ಯಾಸದಂತೆ ಓಡಿಹೋಗಿ ಮಗುವಿನ ರಟ್ಟೆ ಹಿಡಿದು ತರಲು ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು. ಸೆರಗನ್ನು ಗಾಳಿಯಲ್ಲಿ ಬೀಸಿದಳು. ಮಗು ತಲೆಯೆತ್ತಿತು. ರೇಣುಕಾ ಕೆನ್ನೆಯ ಮೇಲೆ ಎರಡು ಬೆರಳಿನಿಂದ ಗೆರೆ ಎಳೆದಳು. ಬಾ ಎಂದಳು, ಊಟ ಎಂದಳು. ಅಂಗಳದ ಆ ತುದಿಗೂ ಈ ತುದಿಗೂ ನಡುವೆ ಎರಡು ಲಾರಿ ನಿಲ್ಲುವಷ್ಟು ದೂರವಿತ್ತು.

ಸಿಂಚನಾ ಅವ್ವನನ್ನು ನೋಡಿದಳು, ಆಡಿನ ಮರಿಯನ್ನು ನೋಡಿದಳು. ಆಮೇಲೆ ಎದ್ದು ನಿಂತು, ಅವ್ವನ ಕಡೆ ಬೆರಳು ತೋರಿಸಿ, ತನ್ನ ಕಡೆ ಕೈ ಬಾಗಿಸಿದಳು. ನೀನೇ ಬಾ. ಜೊತೆಗೆ ಹುಬ್ಬು ಗಂಟಿಕ್ಕಿ ತಲೆಯನ್ನು ಒಮ್ಮೆ ಅಲ್ಲಾಡಿಸಿದಳು, ನಾನು ಬರುವುದಿಲ್ಲ.

ಫಕ್ಕೀರಪ್ಪ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಹಾಕಿ ಎದ್ದು ಬಂದಿದ್ದ. ಖಾನಾವಳಿಯ ಜನರೆಲ್ಲ ತಿರುಗಿ ನೋಡುವ ಹಾಗೆ ನಗತೊಡಗಿದ. “ಎದುರ ಮಾತಾಡಾಕತ್ತಾಳ ನೋಡ್ರಿ ಅಕ್ಕೋರ,” ಎಂದ, “ಅವ್ವಗ ಎದುರ ಮಾತಾಡಾಕತ್ತಾಳ.”

ರೇಣುಕಾ ಸೆರಗು ಸಿಕ್ಕಿಸಿಕೊಂಡು ಬಿಸಿಲಿನಲ್ಲಿ ಮಗಳ ಕಡೆಗೆ ಹೊರಟಳು.